ಫೋನು ಅವರ ಕೈಯಲ್ಲೇ ಇರಲಿ

ನವೆಂಬರ್ ಬಂತೆಂದರೆ, ಪಿಂಚಣಿ ನಿಲ್ಲದಿರಲು ತಾವು ಬದುಕಿದ್ದೇವೆಂದು ದೃಢಪಡಿಸುವ ಜೀವಿತ ಪ್ರಮಾಣಪತ್ರಕ್ಕಾಗಿ ಪಿಂಚಣಿದಾರರು ಬ್ಯಾಂಕಿಗೆ ಬರುವುದು ಹೊಸದಲ್ಲ. ಆದರೆ ಈ ಬೆಳಿಗ್ಗೆ ಅಲ್ಲಿ ಕಂಡದ್ದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು, "ಮುಂದಿನ ವರ್ಷ ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಹೇಗೆಂದು ಒಮ್ಮೆ ತೋರಿಸಿಕೊಡಪ್ಪ" ಎಂದು ಕೇಳಿದರು. "ಕೊಡಿ ಅಜ್ಜಿ, ನಿಮಗೆ ಇದೆಲ್ಲ ಆಗಲ್ಲ" ಎನ್ನುತ್ತಲೇ ಕೌಂಟರಿನ ಹುಡುಗ ಫೋನು ಕಸಿದುಕೊಂಡು, ತಾನೇ ಎಲ್ಲವನ್ನೂ ಒತ್ತಿ ಮುಗಿಸಿ ಹಿಂದಿರುಗಿಸಿದ. ಪ್ರಮಾಣಪತ್ರವೇನೋ ಆಯಿತು, ಅವರು ಕೇಳಿದ್ದು ಆಗಲಿಲ್ಲ.

ಈ ಪ್ರಮಾಣಪತ್ರವನ್ನು ಡಿಜಿಟಲ್ ರೂಪದಲ್ಲಿ ಸಲ್ಲಿಸುವ ಸರ್ಕಾರಿ ವ್ಯವಸ್ಥೆಯಾದ ಜೀವನ್ ಪ್ರಮಾಣ್ 2014ರಲ್ಲಿ ಆರಂಭವಾದಾಗ ಸಾಮಾನ್ಯವಾಗಿ ಬೆರಳಚ್ಚಿನ ಯಂತ್ರ ಬೇಕಾಗಿತ್ತು, ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುವುದರಿಂದ ಎಷ್ಟೋ ಹಿರಿಯರಿಗೆ ಅದು ಕೈಕೊಡುತ್ತಿತ್ತು. 2021ರಲ್ಲಿ ಮುಖ ಗುರುತಿಸುವ ವಿಧಾನ ಬಂದ ಮೇಲೆ ಸ್ವಂತ ಫೋನಿನ ಕ್ಯಾಮೆರಾದೆದುರು ಕುಳಿತು, ಅದು ಹೇಳಿದಾಗ ಕಣ್ಣು ಮಿಟುಕಿಸಿದರೆ ಕೆಲಸ ಮುಗಿಯುತ್ತದೆ. ಹಿರಿಯರು ಮನೆಯಲ್ಲೇ ಮಾಡಿಕೊಳ್ಳಲೆಂದು ತಂದ ಸೌಲಭ್ಯವನ್ನು ಅವರ ಕೈಗೇ ಕೊಡದಿದ್ದರೆ ಅದು ಯಾರಿಗಾಗಿ?

ಹಿರಿಯರಿಗೆ ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೆರೆಹೊರೆಯವರಿಗೆ ಕಲಿಸುವಾಗ ಹತ್ತಿರದಿಂದ ನೋಡಿದ್ದೇನೆ: ಬೆರಳ ತುದಿ ಒಣಗಿರುವುದರಿಂದ ಪರದೆಗೆ ಸ್ಪರ್ಶ ತಿಳಿಯುವುದಿಲ್ಲ, ತಿಳಿಯಲಿಲ್ಲವೆಂದು ಒತ್ತಿ ಹಿಡಿದರೆ ಇನ್ನೇನೋ ತೆರೆದುಕೊಳ್ಳುತ್ತದೆ, ಒಟಿಪಿಯನ್ನು ಓದಿ ಹಿಂದಿನ ಪರದೆಗೆ ಮರಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇವೆಲ್ಲ ಅಭ್ಯಾಸದಿಂದ ಸರಿಹೋಗುವ ತೊಡಕುಗಳು, ಅಭ್ಯಾಸಕ್ಕೆ ಫೋನು ಅವರ ಕೈಯಲ್ಲಿರಬೇಕು. ಅಕ್ಷರಾಭ್ಯಾಸದಲ್ಲಿ ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವೆಯೇ ಹೊರತು ಮಗುವನ್ನು ಪಕ್ಕಕ್ಕೆ ಕೂರಿಸಿ ನಾವೇ ಬರೆದು ಮುಗಿಸುವುದಿಲ್ಲ. ಮೂರು ದಶಕ ಪಾಠ ಮಾಡಿದ ನನಗೆ ಕಸಿದುಕೊಳ್ಳುವ ಈ ಕೈಗಳನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ, ಮನೆಮನೆಗಳಲ್ಲಿ ಮಕ್ಕಳೂ ಮೊಮ್ಮಕ್ಕಳೂ ಮಾಡುತ್ತಿರುವುದು ಇದನ್ನೇ.

ಮೋಸಗಾರರ ಕಾಲವಿದು, ಹಿರಿಯರು ದೂರವಿರುವುದೇ ಕ್ಷೇಮ ಎನ್ನುವವರಿದ್ದಾರೆ. ಆದರೆ ಪೊಲೀಸರೆಂದು ಸುಳ್ಳು ಹೇಳಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ಹಣ ಕೀಳುವ ಕರೆ, ಫೋನು ಬಳಸಲು ಬಾರದವರಿಗೂ ಬರುತ್ತದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕಳುಹಿಸಲು ಮಾತ್ರ ಬೇಕು ಎಂಬುದು ಸ್ವತಃ ಬಳಸಿದವರಿಗೆ ಮನವರಿಕೆಯಾಗುತ್ತದೆ, ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಆ ಪಾಠದಲ್ಲೇ ಹೇಳಬಹುದು.

ನವೆಂಬರ್ ಇನ್ನೂ ಮುಗಿದಿಲ್ಲ. ಪ್ರತಿ ಬ್ಯಾಂಕ್ ಶಾಖೆಯೂ ಈ ತಿಂಗಳ ಮಟ್ಟಿಗಾದರೂ ಕೌಂಟರಿನಿಂದ ದೂರದಲ್ಲಿ ಎರಡು ಕುರ್ಚಿ ಹಾಕಿ, ಪಕ್ಕದಲ್ಲಿ ಕುಳಿತು ಬಾಯಲ್ಲಿ ಮಾತ್ರ ಹೇಳಿಕೊಡುವ ತಾಳ್ಮೆಯ ಒಬ್ಬರನ್ನು ನೇಮಿಸಲಿ. ನಮ್ಮ ಶಾಖೆಯ ವ್ಯವಸ್ಥಾಪಕರಿಗೆ ಈ ಕೋರಿಕೆಯನ್ನು ಇಂದೇ ಲಿಖಿತವಾಗಿ ಕೊಟ್ಟು ಬಂದಿದ್ದೇನೆ.