ಫಿನಾಯಿಲ್ ಬಾಟಲಿಗೂ ಐಎಸ್‌ಐ ಮುದ್ರೆ ಕಡ್ಡಾಯ ಆಗಬೇಕಾ?

ಪರ: ಬಿಳಿ ಫಿನಾಯಿಲ್ ಮಜ್ಜಿಗೆಯ ಹಾಗೇ ಕಾಣುತ್ತದೆ

ನಮ್ಮ ಬೀದಿಗೆ ಸೈಕಲ್ ಮೇಲೆ ಕ್ಯಾನ್ ಕಟ್ಟಿಕೊಂಡು ಫಿನಾಯಿಲ್, ಆ್ಯಸಿಡ್ ಮಾರುವವರು ಬರುತ್ತಾರೆ. ಬಾಟಲಿ ನಾವೇ ಕೊಡಬೇಕು. ಹಳೇ ನೀರಿನದ್ದೋ, ಜ್ಯೂಸಿನದ್ದೋ ಸಿಕ್ಕಿದ್ದು ಕೊಡುತ್ತೇವೆ. ಬಿಳಿ ಫಿನಾಯಿಲ್ ತುಂಬಿಸಿಟ್ಟರೆ ಥೇಟ್ ಮಜ್ಜಿಗೆ. ಮೂರು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು?

ಮಗು ಒಂದು ಗುಟುಕು ಕುಡಿದರೆ ಮನೆಯವರು ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗುತ್ತಾರೆ. ಅದೇ ತಪ್ಪು. ಆ್ಯಸಿಡ್ ಆಗಿದ್ದರೆ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ಪೈನ್ ಎಣ್ಣೆಯ ಫಿನಾಯಿಲ್ ಆಗಿದ್ದರೆ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪತ್ರೆಯಲ್ಲಿ ಡಾಕ್ಟರು "ಏನು ಕುಡಿದದ್ದು?" ಅಂತ ಕೇಳುತ್ತಾರೆ. ಲೇಬಲ್ಲೇ ಇಲ್ಲದ ಬಾಟಲಿ ಹಿಡಿದುಕೊಂಡು ಏನು ಹೇಳೋಣ?

ಕುಕ್ಕರಿಗೆ ಐಎಸ್‌ಐ ಮುದ್ರೆ ಕಡ್ಡಾಯ. 2021ರ ಜನವರಿಯಿಂದ ಆಟಿಕೆಗೂ ಕಡ್ಡಾಯ. ಫಿನಾಯಿಲ್‌ಗೂ ಐಎಸ್ 1061 ಅಂತ ಒಂದು ಮಾನದಂಡ ಇದೆ, ಆದರೆ ಬೇಕಿದ್ದವರು ಪಾಲಿಸಿದರಾಯಿತು. ಸಣ್ಣ ತಯಾರಕರಿಗೆ ಹೊರೆ ಅನ್ನುತ್ತೀರಾ? ಆಟಿಕೆ ನಿಯಮ ಬಂದಾಗ ಚನ್ನಪಟ್ಟಣದ ಬೊಂಬೆಯಂಥ ಜಿಐ (ಆಯಾ ಊರಿನ ವಿಶೇಷ ಅಂತ ಅಧಿಕೃತ ಗುರುತು ಪಡೆದ) ಆಟಿಕೆಗಳಿಗೆ ವಿನಾಯಿತಿ ಸಿಕ್ಕಿತು. ಇಲ್ಲಿ ವಿನಾಯಿತಿ ಬೇಡ. ಶುಲ್ಕ ಇಳಿಸಿ, ಒಂದೆರಡು ವರ್ಷ ಸಮಯ ಕೊಡಿ.

ವಿರೋಧ: ಮುದ್ರೆ ಇರುವುದು ಕ್ಯಾನಿಗೆ

ಆ ಐಎಸ್ 1061 ಅಳೆಯುವುದೇನು? ಅದರ ಗ್ರೇಡುಗಳು ನಿಂತಿರುವುದು ದ್ರಾವಣ ಎಷ್ಟು ಜೋರಾಗಿ ರೋಗಾಣು ಕೊಲ್ಲುತ್ತದೆ ಎಂಬುದರ ಮೇಲೆ. ಮಗು ಕುಡಿದರೆ ಏನಾಗುತ್ತದೆ ಎಂಬುದರ ಮೇಲಲ್ಲ. ಮುದ್ರೆ ನೋಡಿದವರು ಮಾತ್ರ 'ಸೇಫ್' ಅಂದುಕೊಂಡು ಕೈಗೆಟುಕುವಲ್ಲೇ ಇಡುತ್ತಾರೆ.

ಇನ್ನು ಬಚ್ಚಲಿನ ಕಥೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಿಯೂ ಕಲೆ ಹೋಗಲಿಲ್ಲ ಅಂತ ಮೇಲಿಂದ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಕ್ಲೋರಿನ್ ಏಳುತ್ತದೆ, ಕಿಟಕಿ ಮುಚ್ಚಿದ್ದರೆ ಉಸಿರೇ ಕಟ್ಟುತ್ತದೆ. ಎರಡೂ ಡಬ್ಬಿಗೆ ಮುದ್ರೆ ಇದ್ದರೂ ಏಳುವುದು ಅದೇ ಅನಿಲ.

ಸ್ತ್ರೀಶಕ್ತಿ ಸಂಘದ ಹೆಂಗಸರು ಫಿನಾಯಿಲ್ ಮಾಡಿ ಮಾರಿ ನಾಲ್ಕು ಕಾಸು ನೋಡುತ್ತಾರೆ. ಅರ್ಜಿ ಶುಲ್ಕ, ವರ್ಷದ ಶುಲ್ಕ, ಮಾದರಿ ಪರೀಕ್ಷೆ ಇವೆಲ್ಲ ದೊಡ್ಡ ಕಂಪನಿಗೆ ಲೆಕ್ಕಕ್ಕೇ ಇಲ್ಲ. ಇವರು ಅಂಗಡಿ ಮುಚ್ಚಬೇಕು, ಅಷ್ಟೆ.

ಮುದ್ರೆ ನಮಗೇನೂ ಹೊಸದಲ್ಲ. 1991ರಲ್ಲೇ ಕೇಂದ್ರ ಸರ್ಕಾರ ಪರಿಸರಸ್ನೇಹಿ ವಸ್ತುಗಳಿಗೆ ಅಂತ ಇಕೋಮಾರ್ಕ್ ಮುದ್ರೆ ತಂದಿತ್ತು. ಮಣ್ಣಿನ ಮಡಕೆಯ ಚಿತ್ರ, ಸೋಪು ಡಿಟರ್ಜೆಂಟ್‌ಗೂ ಇತ್ತು. ನೀವು ಯಾವತ್ತಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಸೈಕಲ್‌ನವರ ಕ್ಯಾನಿಗೆ ಐಎಸ್‌ಐ ಅಂಟಿಸಿದರೂ ಅದರಿಂದ ಬಗ್ಗಿಸುವುದು ನಿಮ್ಮ ಹಳೇ ಜ್ಯೂಸ್ ಬಾಟಲಿಗೇ ಅಲ್ವಾ? ಮೊದಲು ಆ ಬಗ್ಗಿಸುವುದನ್ನು ನಿಲ್ಲಿಸಿ. ಮಕ್ಕಳ ಕೈಗೆ ಬಿಚ್ಚಲು ಬಾರದ ಮುಚ್ಚಳ, 'ವಾಂತಿ ಮಾಡಿಸಬೇಡಿ' ಅಂತ ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಸಾಲು ಕಡ್ಡಾಯ ಮಾಡಿ. ಅಷ್ಟಾದರೆ ಸಂಘದ ಹೆಂಗಸರೂ ಮಾಡಿಯಾರು.