ಉಲ್ಟಾ ಕಟ್ಟರ್ ಮತ್ತು ನನ್ನ ಗ್ಯಾರೇಜಿನ ಟೇಬಲ್ ಸಾ

ಹೋದ ಡಿಸೆಂಬರಿನಲ್ಲಿ ಬಾಗಲಕೋಟೆಗೆ ಹೋಗಿದ್ದಾಗ ಅಪ್ಪ ಒಂದು ಹಳೆಯ ತೊಲೆ ತೋರಿಸಿದರು. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಬಿಡಬೇಕಾದಾಗ ಕಿತ್ತು ತಂದ ಸಾಗವಾನಿ ಅದು. ನವನಗರದ ಮನೆಯ ಹಿತ್ತಲಲ್ಲಿ ಇಷ್ಟು ವರ್ಷ ತಗಡು ಹೊದ್ದು ಮಲಗಿತ್ತು. ಅದರಲ್ಲಿ ದೇವರ ಜಗುಲಿ, ಜೊತೆಗೆ ಪ್ಲೈವುಡ್ಡಿನ ಒಂದು ಪುಸ್ತಕದ ಕಪಾಟು ಮಾಡಿಸೋಣ ಅಂದರು. ಬಡಿಗೇರ ಕಾಕಾಗೆ ಫೋನ್ ಹೋಯಿತು.

ಕಾಕಾ ಬಂದವರೇ ಚೀಲದಿಂದ ಕಲ್ಲು ಕೊಯ್ಯುವ ಸಣ್ಣ ಕಟ್ಟರ್ ತೆಗೆದು, ಅದಕ್ಕೆ 4 ಇಂಚಿನ ಹಲ್ಲಿನ ಬ್ಲೇಡ್ ಹಾಕಿ, ಒಂದು ಪ್ಲೈ ತುಂಡಿನ ಕೆಳಗೆ ಉಲ್ಟಾ ಮಾಡಿ ಸ್ಕ್ರೂ ಹೊಡೆದು, ಎರಡು ಕಡೆ ಇಟ್ಟಿಗೆ ಪೇರಿಸಿ ಅದರ ಮೇಲೆ ಕೂರಿಸಿದರು. ಹತ್ತು ನಿಮಿಷಕ್ಕೆ ಟೇಬಲ್ ಸಾ ರೆಡಿ! ಅಂದರೆ ಮೇಜಿನ ಸೀಳಿನಿಂದ ಮೇಲೆದ್ದ ಬ್ಲೇಡಿಗೆ ಕಟ್ಟಿಗೆ ನೂಕಿ ಕೊಯ್ಯುವ ಗರಗಸ. ಕಟ್ಟರಿನ ಸ್ವಿಚ್ ಒತ್ತಿ ಲಾಕ್ ಮಾಡಿದ್ದರು. ಹಾಗಾಗಿ ಚಾಲೂ ಮಾಡುವುದು, ಬಂದ್ ಮಾಡುವುದು ಎಲ್ಲ ಗೋಡೆಯ ಬೋರ್ಡಿನಲ್ಲೇ. ಅಲ್ಲಿ ಒಬ್ಬ ಹುಡುಗ ನಿಂತಿದ್ದ. ಕಾಕಾ "ಹಾಂ" ಅಂದರೆ ಚಾಲೂ, "ಹೂಂ" ಅಂದರೆ ಬಂದ್. ಆ ಸದ್ದಿನಲ್ಲಿ ಹಾಂ ಯಾವುದು, ಹೂಂ ಯಾವುದು, ದೇವರೇ ಬಲ್ಲ.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಅಲ್ಲಿ ಬಡಗಿಯನ್ನು ಮನೆಗೆ ಕರೆಸುವುದು ದುಬಾರಿ ವ್ಯವಹಾರ. ಅದಕ್ಕೇ ಜನ ತಾವೇ ಮೆಷೀನ್ ತಂದು ಗ್ಯಾರೇಜಿನಲ್ಲಿ ಇಟ್ಟುಕೊಳ್ಳುತ್ತಾರೆ, ವರ್ಷಕ್ಕೆ ನಾಲ್ಕು ಸಲ ಬಳಸುತ್ತಾರೆ, ಉಳಿದ ದಿನ ಅದರ ಮೇಲೆ ರಟ್ಟಿನ ಡಬ್ಬ ಪೇರಿಸುತ್ತಾರೆ. ನನ್ನ ಪಕ್ಕದ ಮನೆಯವರ ಹತ್ತಿರ ಕ್ಯಾಬಿನೆಟ್ ಸಾ ಇದೆ, ಪೆಟ್ಟಿಗೆಯಂಥ ಪೀಠದ ಭಾರೀ ಟೇಬಲ್ ಸಾ. ಬೀಡಿನ ಮೇಜು, 3 ಎಚ್‌ಪಿ ಮೋಟರ್, ತೂಕ 200 ಕಿಲೋ ದಾಟುತ್ತದೆ. ಅದಕ್ಕೆ 240 ವೋಲ್ಟ್ ಬೇಕು, ಅಲ್ಲಿನ ಮಾಮೂಲಿ ಸಾಕೆಟ್ 120. ಬೇರೆ ಲೈನ್ ಎಳೆಸಿದರು. ಇಷ್ಟೆಲ್ಲ ಮಾಡಿ ಅವರು ಮಾಡಿದ್ದು ಹಕ್ಕಿಗೂಡು. ಮೂರು!

ಎರಡು ಕಡೆಯದೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಆರಿಸು ಅಂದರೆ, ಕಾಕಾನ ಉಲ್ಟಾ ಕಟ್ಟರ್ ಮಾತ್ರ ಬೇಡವೇ ಬೇಡ ಅಂತೀನಿ. ಕಾರಣ ಇದೆ. ಆ ಕಟ್ಟರ್ ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತದೆ. 10 ಇಂಚಿನ ಟೇಬಲ್ ಸಾ ತಿರುಗುವುದು 4-5 ಸಾವಿರ ಸುತ್ತು. ಕಟ್ಟರಿಗೆ ಕವಚ ಇಲ್ಲ. ಮುಖ್ಯವಾಗಿ ಬ್ಲೇಡಿನ ಹಿಂದೆ ನಿಲ್ಲುವ ತೆಳು ತಗಡು ಇಲ್ಲ. ರೈವಿಂಗ್ ನೈಫ್ ಅಂತಾರೆ ಅದಕ್ಕೆ. ನೋಡಲು ಏನೂ ಅಲ್ಲ, ಆದರೆ ಕೊಯ್ದ ಸೀಳು ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವುದು ಅದೇ. ಬ್ಲೇಡಿನ ಮುಂದಿನ ಹಲ್ಲು ಕಟ್ಟಿಗೆಯನ್ನು ಕೆಳಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಎತ್ತುತ್ತದೆ. ಸೀಳು ಕೂಡಿಕೊಂಡಿತೋ, ಹಿಂದಿನ ಹಲ್ಲು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೇ ಎಸೆಯುತ್ತದೆ. ಎಮ್ಮೆ ಒದ್ದ ಹಾಗೆ. ಅಮೆರಿಕದಲ್ಲೇ, ಎಲ್ಲ ಕವಚ ಇರುವ ಮೆಷೀನುಗಳಿದ್ದೂ, ವರ್ಷಕ್ಕೆ ಸುಮಾರು 30 ಸಾವಿರ ಜನ ಟೇಬಲ್ ಸಾ ಗಾಯಕ್ಕೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡುತ್ತಾರೆ. ಕವಚ ಬಿಚ್ಚಿಟ್ಟು ಕೆಲಸ ಮಾಡುವವರು ಅಲ್ಲೂ ಇದ್ದಾರೆ, ನಾವೊಬ್ಬರೇ ಅಲ್ಲ.

ಹಾಗಾದರೆ ಮನೆಗೆ ಯಾವುದು? ಜಾಬ್‌ಸೈಟ್ ಸಾ, ಅಂದರೆ ಕೆಲಸದ ಜಾಗಕ್ಕೆ ಹೊತ್ತೊಯ್ಯುವ ಸಣ್ಣ ಟೇಬಲ್ ಸಾ ಸಾಕು. ಇಪ್ಪತ್ತು, ಮೂವತ್ತು ಕಿಲೋ, ಎತ್ತಿ ಮೂಲೆಗೆ ಇಡಬಹುದು. ಸದ್ದು ಮಾತ್ರ ವಿಪರೀತ, ಕಿವಿಗೆ ಏನಾದರೂ ಹಾಕಲೇಬೇಕು. ಅದಕ್ಕಿಂತ ದೊಡ್ಡದು ಕಾಂಟ್ರಾಕ್ಟರ್ ಸಾ, ಮೋಟರ್ ಹಿಂದೆ ಬೆಲ್ಟಿಗೆ ನೇತಾಡುತ್ತಿರುತ್ತದೆ. ಮೋಟರ್ ಒಳಗೆ ಸೇರಿಸಿದರೆ ಹೈಬ್ರಿಡ್. ಇವು ಖಾಯಂ ಜಾಗ ಇದ್ದವರಿಗೆ. ನಮ್ಮ ಮನೆಗಳಲ್ಲಿ ಸ್ಕೂಟರ್ ನಿಲ್ಲಿಸಲೇ ಜಾಗ ಇಲ್ಲ, ಸುಮ್ನೆ ಯಾಕೆ?

ಎಲ್ಲರೂ ಎಚ್‌ಪಿ ಎಷ್ಟು ಅಂತ ಕೇಳುತ್ತಾರೆ. ನಾನು ಫೆನ್ಸ್ ನೋಡು ಅಂತೀನಿ. ಕಟ್ಟಿಗೆಯನ್ನು ಆನಿಸಿ ನೂಕುವ ಆ ಪಟ್ಟಿಯೇ ಮೆಷೀನಿನ ಜೀವ. ನಾನು ಮೊದಲು ತಂದದ್ದು ಅಗ್ಗದ್ದು. ಫೆನ್ಸ್ ಬಿಗಿ ಮಾಡಿದರೆ ಮುಂದಿನ ತುದಿ ನಿಲ್ಲುತ್ತಿತ್ತು, ಹಿಂದಿನ ತುದಿ ಒಂದೆರಡು ಮಿಲಿಮೀಟರ್ ಒಳಗೆ ಸರಿಯುತ್ತಿತ್ತು. ಒಂದು ದಿನ ಸಣ್ಣ ಓಕ್ ಪಟ್ಟಿ ಸಿಕ್ಕಿಬಿದ್ದು ನನ್ನ ಪಕ್ಕದಿಂದ ಹಾರಿ ಗ್ಯಾರೇಜ್ ಬಾಗಿಲಿಗೆ ಬಡಿಯಿತು. ಆ ಕುಳಿ ಇನ್ನೂ ಇದೆ. ಈಗಿನದರಲ್ಲಿ ಗುಂಡಿ ತಿರುಗಿಸಿದರೆ ಫೆನ್ಸಿನ ಎರಡೂ ತುದಿ ಹಲ್ಲುಪಟ್ಟಿಯ ಮೇಲೆ ಒಟ್ಟಿಗೆ ಸರಿಯುತ್ತವೆ. ಕೊಳ್ಳುವಾಗ ಪ್ಲಗ್ ಕಿತ್ತು ಇಷ್ಟು ಮಾಡಿ: ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಮೇಜಿನ ಮೇಲೆ ಬ್ಲೇಡಿನ ಪಕ್ಕ ಇರುವ ಉದ್ದ ಕಚ್ಚಿನಿಂದ ಆ ಹಲ್ಲಿಗೆ ಎಷ್ಟು ದೂರ ಅಂತ ಮುಂದೆ ಅಳೆಯಿರಿ, ಬ್ಲೇಡ್ ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಬರಬೇಕು. ಫೆನ್ಸಿಗೂ ಇದೇ ಪರೀಕ್ಷೆ.

ಬೆರಳು ತಾಕಿದರೆ ತಾನೇ ನಿಲ್ಲುವ ಸಾಗಳೂ ಇವೆ. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಇರುತ್ತದೆ, ಚರ್ಮ ತಾಕಿದೊಡನೆ ಅದು ಬದಲಾಗಿ, ಅಲ್ಯುಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚುತ್ತದೆ. 5 ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಬ್ಲೇಡೂ ಹೋಯಿತು, ಆ ತುಂಡೂ ಹೋಯಿತು, ಬೆರಳು ಉಳಿಯಿತು. ಹಸಿ ಕಟ್ಟಿಗೆಗೂ ಒಮ್ಮೊಮ್ಮೆ ಮೋಸ ಹೋಗುತ್ತದೆ. ದುಡ್ಡಿದ್ದರೆ ತಗೊಳ್ಳಿ.

ಮೆಷೀನನ್ನು ಅಮೆರಿಕದಿಂದ ಹೊತ್ತು ತರಬೇಡಿ. 120 ವೋಲ್ಟಿನದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಡುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದನ್ನು ಎತ್ತಲು ಇನ್ನೊಬ್ಬ ಬೇಕು. ಇಲ್ಲೇ ತಗೊಂಡು 16 ಆಂಪಿಯರ್ ಸಾಕೆಟ್ಟಿಗೆ ಹಾಕಿ.

ಇನ್ನು ಅಪ್ಪನ ತೊಲೆ. ಕಟ್ಟರ್ ಬ್ಲೇಡ್ ಒಂದೂಕಾಲು ಇಂಚಿನಷ್ಟೇ ಇಳಿಯಿತು, ತೊಲೆ ಆರು ಇಂಚು. 10 ಇಂಚಿನ ಟೇಬಲ್ ಸಾ ಇದ್ದರೂ ಇಳಿಯುವುದು ಮೂರು ಇಂಚಿನ ಮೇಲೆ ಸ್ವಲ್ಪ ಅಷ್ಟೆ. ಕೊನೆಗೆ ಸಾ ಮಿಲ್ಲಿಗೇ ಒಯ್ದೆವು. ಅಲ್ಲಿಯವ ಮೊದಲು ತೊಲೆಯ ಮೇಲೆ ಅಯಸ್ಕಾಂತ ಆಡಿಸಿದ. ಹದಿನಾಲ್ಕು ಮೊಳೆ ಸಿಕ್ಕವು, ಕೈಯಿಂದ ಹೊಡೆದ ಹಳೆಯ ಚೌಕ ಮೊಳೆ. ಅವನ್ನು ಅಪ್ಪ ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಪ್ಲೈವುಡ್ಡಿಗೂ ಟೇಬಲ್ ಸಾ ಮೊದಲ ಆಯ್ಕೆ ಅಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯನ್ನು ಸಣ್ಣ ಮೇಜಿನ ಮೇಲೆ ಒಬ್ಬರೇ ನೂಕುವುದು ಹುಚ್ಚುತನ. ನೆಲದ ಮೇಲೆ ಪಟ್ಟಿ ಹಾಸಿ ಮಲಗಿಸಿ, ನೇರ ಪಟ್ಟಿ ಬಿಗಿದು, ಕೈಯ ಸರ್ಕ್ಯುಲರ್ ಸಾದಲ್ಲಿ ಮೊದಲು ತುಂಡು ಮಾಡಿಕೊಳ್ಳಿ. ಆಮೇಲೆ ಸಣ್ಣವು ಮೇಜಿಗೆ, 60 ಹಲ್ಲಿನ ಬ್ಲೇಡಿಗೆ.

ಇದನ್ನೆಲ್ಲ ಕಾಕಾನಿಗೆ ಹೇಳಿ ನನ್ನ ಮೆಷೀನಿನ ಫೋಟೊ ತೋರಿಸಿದೆ. ಬೆಲೆ ಕೇಳಿದರು, ಹೇಳಿದೆ. "ಅದು ಇರ್ಲಿ, ಬಂದ್ ಮಾಡೂ ಸ್ವಿಚ್ ಎಲ್ಲೈತ್ರಿ?" ಅಂದರು. ಮುಂದೆ ತೊಡೆಯ ಹತ್ತಿರ ಇರುವ ದೊಡ್ಡ ಕೆಂಪು ಗುಂಡಿ ತೋರಿಸಿದೆ, ಮೊಣಕಾಲಿನಿಂದ ಒತ್ತಿದರೂ ನಿಲ್ಲುತ್ತದೆ. ಕಾಕಾ ಬೋರ್ಡಿನ ಹತ್ತಿರ ನಿಂತ ಹುಡುಗನ ಕಡೆ ಒಮ್ಮೆ ನೋಡಿದರು. "ಇಷ್ಟು ಮಾತ್ರ ಹೊಲಿಗಿ ಮಷೀನಿನ ಅಂಗಡ್ಯಾಗ ಸಿಗತೈತಿ ನೋಡ್ರಿ, ಕಾಲಿನ ಸ್ವಿಚ್" ಅಂದರು.