ಹಳದಿ ವೈರಿನ ಕಾಟ

ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ಡಿವಿಡಿ ಪ್ಲೇಯರಿಗಿ ವೈರ್ ಕೇಳಿದ್ರ ಕೆಂಪು-ಬಿಳಿ-ಹಳದಿದೇ ಕೈಯಾಗ ಇಡ್ತಾರ ನೋಡ್ರಿ. ಅಲ್ರೀ, ಆ ಹಳದಿ ಒಂದೇ ವೈರಿನಾಗ ಬಣ್ಣ ಬೆಳಕು ಎಲ್ಲಾ ಕಲಸಿ ಬರ್ತದ, ದೊಡ್ಡ ಎಚ್‌ಡಿ ಟಿವಿಯಾಗ ಅಕ್ಷರದ ಅಂಚೆಲ್ಲಾ ರಾಡಿ. ಬಣ್ಣ ಬೆಳಕು ಬ್ಯಾರೆ ಬ್ಯಾರೆ ವೈರಿನಾಗ ತರೋ ಕೆಂಪು-ಹಸಿರು-ನೀಲಿ ಕಾಂಪೊನೆಂಟ್ ಕೊಡ್ರಿ ಅಂದ್ರ ಅಂಗಡ್ಯಾಂವ "ಎಲ್ಲಾ ಒಂದೇ ರೀ ಅಣ್ಣ" ಅಂತಾನ, ಒಂದೇ ಇದ್ರ ಪ್ಲೇಯರ್ ಹಿಂದ ಇಷ್ಟು ತೂತು ಯಾಕ ಇಡ್ತಿದ್ರು? ಇನ್ನೊಬ್ಬಾಂವ ಎಚ್‌ಡಿಎಂಐ ಹಚ್ಚಿದ್ರ ಡಿವಿಡಿನೂ ಎಚ್‌ಡಿ ಆಗ್ತದಂತ ಬಿಡ್ತಾನ! ನಮ್ಮ ದೇಶದ ಟಿವಿ ಪದ್ಧತಿ ಪ್ಯಾಲ್, ಆ ಡಿಸ್ಕಿನಾಗ ಇರೋದೇ ಅಡ್ಡ 720 ಉದ್ದ 576 ಚುಕ್ಕಿ, ಅದನ್ನ ಪ್ಲೇಯರ್ ಎಚ್‌ಡಿಯ 1080 ಸಾಲಿಗಿ ಹಿಗ್ಗಸ್ತದ ಅಷ್ಟೇ, ಇಲ್ಲದ್ದು ಎಲ್ಲಿಂದ ತರ್ತದ. ಆದ್ರೂ ಇದ್ದುದ್ರಾಗ ಎಚ್‌ಡಿಎಂಐನೇ ಚಲೋ, ಚಿತ್ರ ಸೌಂಡ್ ಎರಡೂ ಒಂದೇ ವೈರಿನಾಗ. ರೇಟ್ ಕೇಳಿದ್ರ ಮಾತ್ರ "ಗೋಲ್ಡ್ ಪಿನ್ ಅದ ರೀ" ಅಂತ ಸುರು ಮಾಡ್ತಾರ, ನಾವೇನು ಲಗ್ನಕ್ಕ ಬಂಗಾರ ತಗೊಳಾಕ ಬಂದೀವೇನು!